ಒಂದು ಕಿವಿಯ ಕುಲಾವಿ

"ಗುರುಗಳೇ, ಅರೆಬರೆ ಕಲಿತದ್ದನ್ನು ಇನ್ನೊಬ್ಬರಿಗೆ ಕೊಡುವುದು ತಪ್ಪಲ್ಲವೇ?" ಎಂದು ಸಂಗಯ್ಯ ಕೇಳಿದ.

ಮಠದ ಹಿಂದಿನ ಕೇರಿಯ ಮಕ್ಕಳಿಗೆ ಓದುಬರಹ ಹೇಳಿಕೊಡು ಎಂದು ಗುರುಗಳು ಅವನಿಗೆ ಹೇಳಿ ಬಹಳ ಕಾಲವಾಗಿತ್ತು. ಸಂಗಯ್ಯ ಒಲ್ಲೆ ಎಂದಿರಲಿಲ್ಲ. ನಾಳೆ ಎನ್ನುತ್ತಿದ್ದ. ಹೇಳಿಕೊಡುವ ಮೊದಲು ತನಗೆ ಎಲ್ಲವೂ ಸರಿಯಾಗಿ ತಿಳಿದಿರಬೇಕು ಎಂದು ಓದಲು ಕೂರುತ್ತಿದ್ದ. ಅರ್ಧ ಓದುವಷ್ಟರಲ್ಲಿ ಒಂದು ಸಂಶಯ ಬರುತ್ತಿತ್ತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಹೀಗಾಗಿ ಮೊದಲು ತಿಳಿದಿದ್ದದ್ದೂ ಈಗ ಕಲಸುಮೇಲೋಗರವಾಗಿತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೂ ಅವಳ ತಮ್ಮನಿಗೂ ಮಾತು ನಿಂತು ವರ್ಷಗಳಾಗಿದ್ದವು. ತಾಯಿ ತೀರಿಕೊಂಡ ಮೇಲೆ ಯಾವುದೋ ಮಾತಿಗೆ ಮಾತು ಬೆಳೆದಿತ್ತು. ಯಾವ ಮಾತು ಎಂಬುದು ಇಬ್ಬರಿಗೂ ಮರೆತುಹೋಗಿತ್ತು, ಸಿಟ್ಟು ಮಾತ್ರ ಉಳಿದಿತ್ತು. ಹೀಗಿರುವಾಗ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಅವನೇ ಅಕ್ಕನ ಬಾಗಿಲಿಗೆ ಬಂದು ನಿಂತ.

"ಆದದ್ದು ಆತು, ಅಕ್ಕಾ. ಕೂಸಿನ ಹೆಸರು ನೀನ ಕರೀಬೇಕು."

ಆ ಸೀಮೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ತಾನು ತಂದ ಕುಲಾವಿಯನ್ನು ಅವಳು ಮಗುವಿನ ತಲೆಗೆ ಕಟ್ಟುತ್ತಾಳೆ, ತೊಟ್ಟಿಲ ಮೇಲೆ ಬಗ್ಗಿ ಹೆಸರು ಕರೆಯುತ್ತಾಳೆ. ಬಗ್ಗಿದ ಅವಳ ಬೆನ್ನಿಗೆ ನೆರೆದ ಹೆಂಗಸರು ನಗುತ್ತ ಗುದ್ದುತ್ತಾರೆ. ಆ ಗುದ್ದು ತಿಂದವಳಿಗೆ ತವರಿನಲ್ಲಿ ಇನ್ನೂ ಜಾಗವಿದೆ ಎಂದು ಅರ್ಥ. ಹೆಂಗಸಿಗೆ ಅದು ಬೇಕಾಗಿತ್ತು. ಬಹಳ ಬೇಕಾಗಿತ್ತು.

ಅಂಗಡಿಯಲ್ಲಿ ಕುಲಾವಿ ಸಿಗುತ್ತಿತ್ತು. ಆದರೆ ಅವಳ ತಾಯಿ ಮನೆಯ ಪ್ರತಿ ಕೂಸಿಗೂ ಕ್ರೋಶಾ ಕಡ್ಡಿ ಹಿಡಿದು ತನ್ನ ಕೈಯಾರೆ ಕುಲಾವಿ ಹೆಣೆದಿದ್ದಳು. ತಾನೂ ಹೆಣೆದೇ ಒಯ್ಯುತ್ತೇನೆ ಎಂದು ಮಗಳು ಹಟ ಹಿಡಿದಳು. ಕಡ್ಡಿಯನ್ನು ಹೇಗೆ ಹಿಡಿಯಬೇಕೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಓಣಿಯ ಮುದುಕಿಯೊಬ್ಬಳ ಬಳಿ ಹೋಗಿ ಕೂತಳು.

ಮೊದಲು ಸರಪಳಿ. ಕಡ್ಡಿಯ ಕೊಕ್ಕೆಗೆ ನೂಲು ಸಿಕ್ಕಿಸಿ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯಬೇಕು. ಅದು ಬಂತು. ಹೆಂಗಸು ಹಿಗ್ಗಿ ಮೊಳಗಟ್ಟಲೆ ಸರಪಳಿ ಹಾಕಿದಳು. ಇನ್ನು ತಿರುಗಿಸಿ ಆ ಸರಪಳಿಯ ಮೇಲೆಯೇ ಸಾಲು ಹಾಕು ಎಂದಳು ಮುದುಕಿ. ಅಲ್ಲಿಗೆ ಹೆಂಗಸಿನ ತಲೆ ಕೆಟ್ಟಿತು. ಕಡ್ಡಿ ಯಾವ ತೂತಿಗೆ ಹೋಗಬೇಕು? ಮುಂದಿನ ಎಳೆಯ ಕೆಳಗೋ, ಹಿಂದಿನ ಎಳೆಯ ಕೆಳಗೋ, ಎರಡರ ಕೆಳಗೋ? ಕಡ್ಡಿಯ ಮೇಲೆ ಉಳಿದ ಕುಣಿಕೆ ಲೆಕ್ಕಕ್ಕೆ ಉಂಟೋ ಇಲ್ಲವೋ? ಮುದುಕಿಯ ಕೈ ನೋಡಿದರೆ ಎಲ್ಲವೂ ಸಲೀಸು, ತನ್ನ ಕೈ ನೋಡಿಕೊಂಡರೆ ಎಲ್ಲವೂ ಗೋಜಲು. ಹೆದರಿ ನೂಲು ಬಿಗಿದರೆ ಕಡ್ಡಿ ಒಳಗೆ ಹೋಗುತ್ತಿರಲಿಲ್ಲ. ಸಡಿಲ ಬಿಟ್ಟರೆ ಕುಣಿಕೆಯೇ ಜಾರಿಹೋಗುತ್ತಿತ್ತು.

ಹೇಗೋ ಸಾಲುಗಳು ಏರಿದವು. ಆದರೆ ಅಗಲವಾಗಿ ಹೊರಟ ಹೆಣಿಗೆ ಮೇಲೆ ಹೋದಂತೆ ಕಿರಿದಾಯಿತು. ಎಲ್ಲಿ ತಪ್ಪಿತೆಂದು ಅವಳಿಗೆ ತಿಳಿಯಲಿಲ್ಲ. ಎಳೆದು ಬಿಚ್ಚಿದಳು. ಮತ್ತೆ ಹೆಣೆದಳು, ಮತ್ತೆ ಕಿರಿದಾಯಿತು, ಮತ್ತೆ ಬಿಚ್ಚಿದಳು. ಈ ಕೆಲಸದಲ್ಲಿ ಹೆಣೆಯುವುದು ಕಷ್ಟ, ಬಿಚ್ಚುವುದು ಬಲು ಸುಖ. ಒಂದು ಎಳೆ ಹಿಡಿದು ಜಗ್ಗಿದರೆ ಸಾಕು, ಸರ್ರನೆ ಬಂದುಬಿಡುತ್ತದೆ. ಹೆಣೆಯಲು ಬಾರದ ಆ ಹೆಂಗಸು ಬಿಚ್ಚುವುದರಲ್ಲಿ ಚೆನ್ನಾಗಿ ಪಳಗಿದಳು.

ಸಾಲಿನ ಕೊನೆಯ ಕುಣಿಕೆ ತಿರುವಿನಲ್ಲಿ ಮಗ್ಗುಲಾಗಿ ಮಲಗಿರುತ್ತದೆ, ಕಣ್ಣಿಗೆ ಕುಣಿಕೆಯಂತೆ ಕಾಣುವುದಿಲ್ಲ. ಅದನ್ನು ಅವಳು ಪ್ರತಿ ಸಾಲಿನಲ್ಲೂ ಬಿಡುತ್ತಿದ್ದಳು. ಮುದುಕಿ ಬೆರಳಿಟ್ಟು ತೋರಿಸಿದಳು. ತೋರಿಸಿದಾಗ ಕಂಡಿತು, ಮನೆಗೆ ಹೋದ ಮೇಲೆ ಕಾಣಲಿಲ್ಲ.

ಹೆಸರಿಡುವ ದಿನ ಬೆಳಿಗ್ಗೆ ಒಂದು ಕುಲಾವಿ ಮುಗಿಯುತ್ತ ಬಂದಿತ್ತು. ಒಂದು ಮಗ್ಗುಲು ಸರಿಯಾಗಿತ್ತು, ಇನ್ನೊಂದು ಗಿಡ್ಡವಾಗಿತ್ತು. ಮುದುಕಿ ಅದನ್ನು ತಿರುಗಿಸಿ ನೋಡಿದಳು.

"ಒಂದು ಕಿವಿ ಹೊರಗ ಉಳೀತೈತಿ, ಅಷ್ಟ. ಹೆಸರು ಕರಿಯಾಕ ಒಂದು ಕಿವಿ ಸಾಕಲ್ಲವಾ? ಗಂಟು ಹಾಕು, ನಡಿ."

"ಮಂದಿ ನೋಡಿ ನಗ್ತಾರ, ಆಯಿ. ಅವ್ವನ ಕೈಕೆಲಸ ಕಂಡ ಮನಿಗೆ ಇದನ್ನ ಹೆಂಗ ಒಯ್ಯಲಿ?" ಎಂದು ಹೆಂಗಸು ಎಳೆ ಹಿಡಿದು ಜಗ್ಗಿದಳು. ಇನ್ನೂ ಹೊತ್ತಿದೆ ಎಂದುಕೊಂಡು ಮತ್ತೆ ಸರಪಳಿ ಹಾಕಲು ಕೂತಳು. ಅವಳು ತಲೆ ಎತ್ತಿದಾಗ ಹೊತ್ತು ಮುಳುಗಿ ಕತ್ತಲಾಗಿತ್ತು.

ಅವಳು ಕೆಟ್ಟವಳಲ್ಲ, ಸಂಗಯ್ಯ. ಒಳ್ಳೆಯದನ್ನೇ ಕೊಡಬೇಕೆಂದಿದ್ದಳು.

ನಾಚಿಕೆಯಿಂದ ಅವಳು ತಮ್ಮನ ಮನೆಯ ಕಡೆ ಮುಖ ಹಾಕಲಿಲ್ಲ. ಹೆಣೆಯುವುದನ್ನು ಮಾತ್ರ ಬಿಡಲಿಲ್ಲ. ಮಳೆಗಾಲ ಕಳೆದು ಚಳಿ ಬಿತ್ತು. ಒಂದು ದಿನ ಆ ಕೊನೆಯ ಕುಣಿಕೆ ತಾನಾಗಿಯೇ ಕಣ್ಣಿಗೆ ಬಿತ್ತು. ಇಷ್ಟು ದಿನ ಅದು ಹೇಗೆ ಕಾಣಲಿಲ್ಲ ಎಂಬುದೇ ಅವಳಿಗೆ ತಿಳಿಯಲಿಲ್ಲ. ಆಮೇಲೆ ಅಂಚು ನೇರವಾಯಿತು. ತಾಯಿಯ ಕುಲಾವಿಗೂ ಅವಳ ಕುಲಾವಿಗೂ ವ್ಯತ್ಯಾಸ ಉಳಿಯಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ತಮ್ಮನ ಮನೆಗೆ ಓಡಿದಳು.

ಮಗು ಹೊಸಿಲ ಬಳಿ ಅಂಬೆಗಾಲಿಡುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ಕುಲಾವಿ ತೊಡಿಸಿದಳು. ಕುಲಾವಿ ನೆತ್ತಿಯ ಮೇಲೆ ಕೂತಿತು. ಎಳೆದರೂ ಕೆಳಗೆ ಇಳಿಯಲಿಲ್ಲ. ಎರಡೂ ಕಿವಿಗಳು ಹೊರಗೇ ಉಳಿದವು.

ತಮ್ಮ ಬೈಯಲಿಲ್ಲ. "ಹೊತ್ತು ಮುಳುಗೂತನಕ ನಿನ್ನ ದಾರಿ ನೋಡಿದ್ವಿ, ಅಕ್ಕಾ. ಆಮ್ಯಾಲ ಬಾಜೂ ಮನಿಯಾಕಿ ಹೆಸರು ಕರದ್ಲು," ಎಂದ.

"ಏನಂತ ಹೆಸರಿಟ್ರಿ?"

"ಅವ್ವಂದು."

ಗುರುಗಳ ಕತೆ ಅಲ್ಲಿಗೆ ಮುಗಿಯಿತು. ಸಂಗಯ್ಯ ಬಹಳ ಹೊತ್ತು ಯೋಚಿಸಿದ. ಕೊನೆಯ ಕುಣಿಕೆ ಕಾಣುವವರೆಗೂ ಅವಳು ಕಲಿತದ್ದು ಸರಿಯೇ ಅಲ್ಲವೇ ಎನ್ನಿಸಿತು. ಡೊಂಕು ಕುಲಾವಿ ಡೊಂಕೇ ಅಲ್ಲವೇ ಎಂದೂ ಎನ್ನಿಸಿತು. ಆ ಹೆಂಗಸಿನ ಮೇಲೆ ಕನಿಕರ ಬಂತು, ಸಿಟ್ಟೂ ಬಂತು. ಯಾವುದು ತಪ್ಪು, ಯಾವುದು ಸರಿ ಎಂಬುದು ಮಾತ್ರ ಹಿಡಿತಕ್ಕೆ ಸಿಗಲಿಲ್ಲ.

"ಗುರುಗಳೇ, ನನಗೆ ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ," ಎಂದ ಅವನು. "ಕತೆಯನ್ನು ಇನ್ನೊಮ್ಮೆ ಮೊದಲಿನಿಂದ ಹೇಳುತ್ತೀರಾ?"

"ಕೇರಿಯ ಮಕ್ಕಳ ತಲೆಯೂ ಬೆಳೆಯುತ್ತಿದೆ, ಸಂಗಯ್ಯ," ಎಂದರು ಗುರುಗಳು.