ಬುಟ್ಟಿ ಕೆಳಗಿನ ಹೆಜ್ಜೆ

ಒಂದಾನೊಂದು ಕಾಲದಲ್ಲಿ, ನಿನ್ನ ಹಲ್ಲು ಇನ್ನೂ ಹುಟ್ಟಿರದ, ಈ ಅಜ್ಜಿ ಹಲ್ಲು ಇನ್ನೂ ಉದುರಿರದ ಕಾಲದಲ್ಲಿ, ಮೈಲಾರಿ ಅಂತ ಒಬ್ಬ ಕುರಿಗಾರ ಇದ್ದನಂತೆ. ಅವನಿಗೆ ಮುನ್ನೂರು ಕುರಿ, ಒಬ್ಬಳೇ ಮಗಳು, ಹೆಸರು ಕೆಂಚಿ. ಮುನ್ನೂರು ಕುರಿ ಮುಖಾನೂ ಅವನಿಗೆ ಗೊತ್ತು, ಮಗಳ ಹಾಲುಹಲ್ಲು ಯಾವಾಗ ಬಿತ್ತು ಅಂತ ಮಾತ್ರ ಗೊತ್ತಿಲ್ಲ. ಯಾಕಂದ್ರೆ ದೀಪಾವಳಿ ಮುಗೀತು ಅಂದ್ರೆ ಕುರಿ ಹೊಡ್ಕೊಂಡು ಹೊರಟ, ಮುಂಗಾರು ಬಿತ್ತು ಅಂದ್ರೆ ವಾಪಸ್ ಬಂದ.

ಅಪ್ಪ ಹೊರಟ ದಿನ ಕೆಂಚಿ ಏನ್ ಮಾಡ್ತಿದ್ದಳಂತೆ, ಅಂಗಳದ ಮಣ್ಣಲ್ಲಿ ಮೂಡಿದ ಅವನ ಕೊನೇ ಹೆಜ್ಜೆ ಮೇಲೆ ಕೋಳಿ ಮುಚ್ಚೋ ಬುಟ್ಟಿ ಬೋರಲು ಹಾಕ್ತಿದ್ದಳಂತೆ, ಗಾಳಿಗೆ ಅಳಿಸಿ ಹೋಗಬಾರದು ಅಂತ. ದಿನಾ ಸಂಜೆ ಬುಟ್ಟಿ ಎತ್ತೋದು, ಪಕ್ಕದಲ್ಲಿ ತನ್ನ ಕಾಲಿಟ್ಟು ನೋಡೋದು, ಮತ್ತೆ ಮುಚ್ಚೋದು. ಮನೆ ಕಳ್ಕೊಂಡ ಕೋಳಿಗಳು ಪಾಪ, ಅಟ್ಟದ ಮೇಲೆ, ಕೆಂಚಿಯ ಅವ್ವನ ದಿಂಬಿನ ಮೇಲೆ, ಒಂದ್ಸಲ ಮಜ್ಜಿಗೆ ಗಡಿಗೆ ಒಳಗೂ ಮಲಗಿದ್ವಂತೆ. ಅಪ್ಪ ಬರೋ ದಿನ ಬುಟ್ಟಿ ಎತ್ತಿಬಿಡ್ತಿದ್ದಳು, ಅವನಿಗೆ ಇದೊಂದೂ ಗೊತ್ತಿಲ್ಲ.

ನನ್ನೂ ಕರ್ಕೊಂಡು ಹೋಗಪ್ಪ ಅಂದ್ರೆ ಅವನದು ಒಂದೇ ಹಾಡಂತೆ. ಚಿರತೆ ಕಂಡ್ರೆ ನೀನು ಕಿಟಾರ್ ಅಂತ ಕಿರುಚ್ತೀಯ, ಕುರಿಯೆಲ್ಲ ದಿಕ್ಕಾಪಾಲು ಆಗ್ತಾವೆ, ಬೇಡವ್ವ.

ಆಮೇಲೆ ಏನಾಯ್ತು, ಏಳು ಸಮುದ್ರದ ಆಚೆ ಹಿಮದ ದೇಶದಲ್ಲಿ ಒಬ್ಬ ರಾಜ ಇದ್ದ, ಅವನಿಗೆ ಹುಟ್ಟಿದಾಗಿಂದ ಗಡಗಡ ನಡುಕ. ಮೈಲಾರಿ ನೇಯ್ದ ಕರೀ ಕಂಬಳಿ ಹೆಂಗೋ ಕೈ ದಾಟಿ ಕೈ ದಾಟಿ ಅವನ ಹೆಗಲಿಗೆ ಬಿತ್ತು, ನಡುಕ ನಿಂತೇಹೋಯ್ತು. ರಾಜ ಖುಷಿಯಾಗಿ, ನೇಯ್ದವನು ಮಗಳ ಜೊತೆ ಬರಲಿ ಅಂತ ಇಮಾನ ಕಳಿಸಿದನಂತೆ. ಇಮಾನದಲ್ಲಿ ಕಿಟಕಿ ಹೊರಗೆ ಮೋಡ ಕಂಡಿದ್ದೇ ತಡ, ಮೈಲಾರಿ ಗಾಬರಿಯಾಗಿ, ಅಯ್ಯಯ್ಯೋ ಯಾರ ಕುರಿಗಳೋ ಇವು, ಕಾಯೋರೇ ಇಲ್ವಲ್ಲ ಅಂತ ಎಣಿಸೋಕೆ ಶುರು ಮಾಡಿದನಂತೆ.

ರಾಜ ಕೇಳಿದ, ಏನು ಬೇಕು ಮಗು? ಕೆಂಚಿ ಅಂದಳು, ನಿಮ್ಮ ಬೆಟ್ಟದಲ್ಲಿ ಬಿಳಿ ಚಿರತೆ ಐತಂತಲ್ಲ, ಅದನ್ನ ನೋಡಬೇಕು. ಮೈಲಾರಿ ಮೀಸೆಯಲ್ಲೇ ನಕ್ಕು, ಆಗಲಿ, ಅದನ್ನ ನೋಡಿ ನೀನು ಉಸಿರೆತ್ತದೆ ಇದ್ರೆ ಈ ದೀಪಾವಳಿಗೆ ಕುರಿ ಹಿಂದೆ ನೀನೂ ಬಾ ಅಂತ ಮಾತು ಕೊಟ್ಟನಂತೆ. ರಾಜ ಮೂರು ದಿನ, ಮೂರು ಬೆಟ್ಟ ಕೊಟ್ಟ, ದಾರಿ ತೋರಿಸೋಕೆ ಒಬ್ಬ ಬೆಟ್ಟದ ಮುದುಕಿನೂ ಕೊಟ್ಟ. ಮುದುಕಿಗೆ ಇವರ ಮಾತು ಬರಲ್ಲ, ಇವರಿಗೆ ಅವಳದು ಬರಲ್ಲ, ತುಟಿ ಮೇಲೆ ಬೆರಳಿಟ್ಟರೆ ಸುಮ್ಮನಿರಿ ಅಂತ ಅಷ್ಟೇ ಅರ್ಥ.

ಮೊದಲನೇ ಬೆಟ್ಟದಲ್ಲಿ ಕಾಡುಕುರಿಗಳ ದೊಡ್ಡ ಹಿಂಡು, ಅದರ ಹಿಂದೆ ಬಂಡೆ ಸಂದಿಯಲ್ಲಿ ಬಿಳಿ ಬಾಲ. ಕೆಂಚಿ ಉಸಿರು ಬಿಗಿಹಿಡಿದಳು. ಮೈಲಾರಿಗೆ ಬಾಲ ಕಾಣಲಿಲ್ಲ, ಕುರಿ ಕಂಡವು. ಹ್ರ್ರ್ರ್ ಟ್ರೀ ಬರ್ರೀ ಬರ್ರೀ ಅಂತ ಕೂಗಿ ಹಿಂಡು ಕೂಡಿಸೋಕೆ ಓಡೇಬಿಟ್ಟನಂತೆ! ಕುರಿ ಚೆಲ್ಲಾಪಿಲ್ಲಿ, ಬಾಲ ಮಾಯ.

ಎರಡನೇ ಬೆಟ್ಟದಲ್ಲಿ ಚಿರತೆ ಇಡೀ ಬೆನ್ನು ಕಾಣೋ ಹಂಗೆ ಮಲಗಿತ್ತು. ಮೈಲಾರಿ ಕಲ್ಲು ತಗೊಂಡು, ಹಾಯ್ ಹಾಯ್ ಕಳ್ಳ ಮುಂಡೇದೇ ಅಂತ ಬೆಟ್ಟ ಅದುರೋ ಹಂಗೆ ಅಬ್ಬರಿಸಿದ. ಚಿರತೆ ಹೋಯ್ತು. ಮುದುಕಿ ಹಣೆ ಚಚ್ಚಿಕೊಂಡಳು. ಕಿರುಚಿದ್ದು ಯಾರಪ್ಪ ಅಂತ ಕೆಂಚಿ ಕೇಳಿದ್ರೆ, ಹೆದರಿ ಕಿರುಚೋದು ಬೇರೆ, ಹೆದರಿಸೋಕೆ ಕಿರುಚೋದು ಬೇರೆ ಅಂತ ನ್ಯಾಯ ಹೇಳಿದನಂತೆ. ಕೆಂಚಿ ನಗಲಿಲ್ಲ. ಇನ್ನು ಉಳಿದಿದ್ದು ಒಂದೇ ಬೆಟ್ಟ.

ಮೂರನೇ ಬೆಟ್ಟಕ್ಕೆ ಕೆಂಚಿನೇ ಮುಂದೆ ನಡೆದಳು, ಅಪ್ಪನ ಕೋಲು ಇಸ್ಕೊಂಡು ಮುದುಕಿ ಕೈಗೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಎದುರಿನ ದಿಣ್ಣೆ ಮೇಲೆ ಚಿರತೆ ಬಂತು, ಹಿಂದೆ ಒಂದು ಮರಿ. ಮೈಲಾರಿ ಗಂಟಲಲ್ಲಿ ಹಾಯ್ ಅನ್ನೋದು ಹೊರಟೇಬಿಟ್ಟಿತ್ತು, ಕೆಂಚಿ ಎರಡೂ ಕೈಯಿಂದ ಅವನ ಬಾಯಿ ಗಪ್ಪನೆ ಮುಚ್ಚಿದಳು. ಮೀಸೆ ಚುಚ್ಚಿದ್ರೂ ಬಿಡಲಿಲ್ಲ.

ಹಿಮದಲ್ಲಿ ತಾಯಿ ಎಲ್ಲಿ ಕಾಲಿಟ್ಟಿತ್ತೋ ಅಲ್ಲೇ ಮರಿನೂ ಕಾಲಿಡ್ತಾ ಹೋಯ್ತಂತೆ, ಒಂದೊಂದೇ, ಒಂದೊಂದೇ. ಎರಡೂ ದಿಣ್ಣೆ ದಾಟಿ ಮರೆಯಾದ ಮೇಲೆ ಮೈಲಾರಿ ತಿರುಗಿ ನೋಡ್ತಾನೆ, ಮಗಳ ಕೆನ್ನೆ ತುಂಬ ನೀರು.

ಹೆದರಿದೆಯಾ ನನ್ನವ್ವ?

ಇಲ್ಲಪ್ಪ. ಆ ಮರಿಗೆ ಎಷ್ಟೊಂದು ಹೆಜ್ಜೆ ಐತೆ ನೋಡು. ನನಗೆ ವರ್ಷಕ್ಕೆ ಒಂದೇ.

ಯಾವ ಹೆಜ್ಜೆ ಅಂದ. ಆಗ ಕೆಂಚಿ ಬುಟ್ಟಿ ಕತೆ ಹೇಳಿದಳು, ಮಜ್ಜಿಗೆ ಗಡಿಗೆಯ ಕೋಳಿ ಸಮೇತ. ಮೈಲಾರಿ ಕೋಳಿಗೂ ನಗಲಿಲ್ಲವಂತೆ. ಎದ್ದು ಬೆಟ್ಟ ಇಳಿಯೋಕೆ ಶುರು ಮಾಡಿದ. ಅವನ ದಾಪುಗಾಲು ನಿನಗೆ ಗೊತ್ತಿಲ್ಲ, ಮಾರುದ್ದ ಬೀಳ್ತಿತ್ತು. ಅವತ್ತು ಮಾತ್ರ ಗೇಣು ಗೇಣಾಗಿ, ಮೆಲ್ಲಗೆ, ಹಿಮದಲ್ಲಿ ಒತ್ತಿ ಒತ್ತಿ ಕಾಲಿಟ್ಟನಂತೆ. ಹಿಂದೆ ಕೆಂಚಿ ಒಂದೂ ಬಿಡದೆ ತುಳೀತಾ ಬಂದಳು.

ಆಮೇಲೆ ದೀಪಾವಳಿ ಮುಗೀತು, ಮುನ್ನೂರು ಕುರಿ ಹೊರಟವು, ಕುರಿ ಹಿಂದೆ ಅಪ್ಪ, ಅಪ್ಪನ ಹಿಂದೆ ಕೆಂಚಿ. ಸದ್ಯ ಮನೆ ಸಿಕ್ತಪ್ಪ ಅಂತ ಕೋಳಿಗಳು ಸಂಜೆ ಓಡೋಡಿ ಬಂದ್ರೆ, ಬುಟ್ಟಿ ಅಂಗಳದಲ್ಲಿ ಬೋರಲು ಬಿದ್ದಿತ್ತಂತೆ. ಕೆಂಚಿಯ ಅವ್ವ ಹಾಕಿದ್ದಳು. ಕೆಳಗೆ ಒಂದು ಪುಟ್ಟ ಹೆಜ್ಜೆ.

ಮುಂಗಾರು ಬಿದ್ದ ದಿನ ಅಪ್ಪ ಮಗಳು ಇಬ್ಬರೂ ಬಂದರು. ಅವ್ವ ಬುಟ್ಟಿ ಎತ್ತಿ, ಇಡು ಕಾಲು ಅಂದಳು. ಕೆಂಚಿ ಇಟ್ಟಳು. ಹೆಜ್ಜೆ ಒಳಗೆ ಹಿಡಿಸಲಿಲ್ಲ, ಕಾಲು ಬೆಳೆದಿತ್ತು. ಅವ್ವ ನಗ್ತಾ ಕಣ್ಣೊರೆಸಿಕೊಂಡಳು, ಮಳೆ ಆ ಹೆಜ್ಜೆ ತೊಳೀತು, ಕೋಳಿಗಳು ಬುಟ್ಟಿ ಸೇರಿದವು, ಮೂರೂ ಜನ ಒಂದೇ ಕಂಬಳಿಯಲ್ಲಿ ಬೆಚ್ಚಗೆ ಮಲಗಿದರಂತೆ.

ಕುರಿ ಹಟ್ಟಿ ಸೇರ್ತು, ಕತೆನೂ ಸೇರ್ತು, ಮುಗೀತು. ಕಾಲು ಒಳಗೆ ಎಳ್ಕೊ ಕಂದ, ಕಂಬಳಿ ಗಿಡ್ಡ ಆಗ್ತಾ ಐತೆ.