ನುಣುಪಾದ ಕಟಾಂಜನ

ಮೌನೇಶ ಬಡಿಗೇರ ಹೊಳೆದಂಡೆಯ ಮಠಕ್ಕೆ ಬಂದಾಗ ಅವನ ಬಟ್ಟೆಗಂಟು ಸಣ್ಣದಿತ್ತು, ಮಷೀನಿನ ಚೀಲ ದೊಡ್ಡದಿತ್ತು. ಹೆಸರು ಮೌನೇಶ, ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಕುರ್ಚಿ ಮೇಜಿನ ಕಾರ್ಖಾನೆಯಲ್ಲಿ ಮರ ಉಜ್ಜಿ ಉಜ್ಜಿ ನಲವತ್ತು ದಾಟಿದವನು. ಅಲ್ಲಿ ಹಲಗೆಗಳು ಮೈಮೇಲೆ ಬಿದ್ದು, ಬಲ ಹೆಗಲಿನ ಮೂಳೆ ಮುರಿದು, ಸೊಟ್ಟಗೆ ಕೂಡಿಕೊಂಡು ಗಂಟಾಗಿತ್ತು. ನಾಚಿಕೆಗೆ ಅದರ ಮೇಲೆ ಸದಾ ಒಂದು ಟವೆಲ್ಲು.

"ಅಜ್ಜಾರ, ನನ್ನೊಳಗ ಭಾಳ ಒರಟೈತ್ರಿ. ನುಣುಪು ಮಾಡ್ರಿ," ಎಂದು ಕಾಲಿಗೆ ಬಿದ್ದ.

ಮಠದ ಗುರು ಅಡಿವೆಯ್ಯಜ್ಜನ ಕಣ್ಣು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಅವರ ಕಿವಿ ಇದ್ದದ್ದು ಚೀಲದ ಕಡೆಗೆ.

"ಏನೋ ಖಣಖಣ ಅಂತು?"

ಮೌನೇಶ ಹುರುಪಿನಿಂದ ಒಂದನ್ನು ತೆಗೆದು ಅಜ್ಜನ ಕೈಗಿಟ್ಟ.

"ಇದು ಬೆಲ್ಟ್ ಸ್ಯಾಂಡರ್‌ರೀ. ಗಿರಣಿ ಪಟ್ಟಾ ಹಂಗ ಮರ ಉಜ್ಜೂ ಉಪ್ಪುಕಾಗದ ತಿರಗತೈತಿ. ಎಂಥಾ ಒರಟಿದ್ರೂ ತಿಂದು ಹಾಕತೈತಿ. ಸ್ವಲ್ಪ ಮೈಮರೆತ್ರ ಹಲಗಿನೂ ತಿಂತೈತಿ."

"ಪಾಪ, ಹಸದೈತಿ," ಎಂದರು ಅಜ್ಜ. "ಈ ದುಂಡಂದು?"

"ಆರ್ಬಿಟಲ್‌ರೀ. ತನ್ನ ಸುತ್ತ ತಾನು ತಿರಗತೈತಿ, ಜೊತಿಗೆ ಅತ್ತಾಗಿತ್ತಾಗ ನಡಗತೈತಿ. ಹಂಗಾಗಿ ಮರದ ಮ್ಯಾಲ ಗೀರು ಕಾಣೂದಿಲ್ಲ. ಈ ಮೂರುಮೂಲಿದು ಸಂದಿಗೊಂದಿಗೆ." ಮೌನೇಶ ಉಸಿರು ತೆಗೆದುಕೊಂಡ. "ಮನಸಿನ ಒರಟಿಗೆ ಯಾವುದು ಹಚ್ಚಬೇಕ್ರಿ, ಅಜ್ಜಾರ?"

"ಯಾವುದು ಹಚ್ಚಿದ್ರೂ, ಮೊದಲ ಕೈಲೆ ಸವರಿ ನೋಡಬೇಕಪಾ."

ಮೌನೇಶ ತಲೆಯಾಡಿಸಿದ. ಮಾತು ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಯಿತು.

ಮಠದಿಂದ ಹೊಳೆಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ, ಕೈ ಆಸರೆಗೆಂದು ಹಿಂದಿನವರು ಹಾಕಿಸಿದ ಸಾಗುವಾನಿ ಕಟಾಂಜನವಿತ್ತು. ದಿನಾ ಬೆಳಗ್ಗೆ ಅಜ್ಜ ಅದನ್ನು ಹಿಡಿದು ಒಬ್ಬರೇ ಸ್ನಾನಕ್ಕೆ ಇಳಿಯುತ್ತಿದ್ದರು. ಉಣ್ಣಲು, ಉಡಲು ಇನ್ನೊಬ್ಬರ ಕೈ ಬೇಕಾಗಿದ್ದ ಅವರಿಗೆ, ತಾವಾಗಿ ಮಾಡುವ ಕೆಲಸವೆಂದು ಉಳಿದಿದ್ದುದು ಇದೊಂದೇ.

ಒಂದು ದಿನ ಆ ಕಟಾಂಜನದ ಸಿಬಿರು ಅವರ ಅಂಗೈಗೆ ಚುಚ್ಚಿ ರಕ್ತ ಬಂತು. ಮೌನೇಶ ಸಿಬಿರು ತೆಗೆದು, ಕಟಾಂಜನವನ್ನು ಬೈದ.

"ಇರಲಿ ಬಿಡು," ಅಜ್ಜ ನಕ್ಕರು. "ಹಳೇ ಗೆಳೆಯ. ಒಮ್ಮೊಮ್ಮೆ ಕಚ್ಚತಾನ."

ಮುಂದಿನ ವಾರ ಅಜ್ಜ ಪಕ್ಕದೂರಿಗೆ ಪ್ರವಚನಕ್ಕೆ ಹೋದರು. ಮೌನೇಶ ಚೀಲ ಬಿಚ್ಚಿದ. ಬೆಲ್ಟ್ ಮಷೀನು ಹೊಡೆದು ಸೀಳು, ತಗ್ಗು, ಗಂಟು ಎಲ್ಲವನ್ನೂ ಸಮ ಮಾಡಿದ. ಅದರ ಮೇಲೆ ದುಂಡನೆಯದನ್ನು ಆಡಿಸಿದ. ಮೈಯೆಲ್ಲ ಮರದ ಪುಡಿ, ಮನಸ್ಸಿನ ತುಂಬ ಸಂತೋಷ. ಕಡೆಗೆ ಕಟಾಂಜನ ಕೂಸಿನ ಕೆನ್ನೆಯಂತಾಯಿತು. ಇಷ್ಟು ಪ್ರೀತಿಯಿಂದ ಅವನು ಯಾವ ಮರವನ್ನೂ ಉಜ್ಜಿರಲಿಲ್ಲ.

ಅಜ್ಜ ಮರಳಿದ ಮಾರನೆಯ ಬೆಳಗ್ಗೆ ಮೌನೇಶ ಕೆಳಗೆ ನಿಂತು ಅವರು ಇಳಿಯುವುದನ್ನೇ ನೋಡುತ್ತಿದ್ದ. ಈಗ ಮೆಚ್ಚುತ್ತಾರೆ, ಇಗೋ ಈಗ ಮೆಚ್ಚುತ್ತಾರೆ ಎಂದು ಕಾಯುತ್ತಿದ್ದ.

ಅಜ್ಜ ನಡುವೆಯೇ ನಿಂತರು. ಕೈ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕಿತು. ಆಮೇಲೆ ಮೆಲ್ಲಗೆ ಅಲ್ಲೇ ಕುಳಿತುಬಿಟ್ಟರು.

"ತಮ್ಮಾ, ನಾ ಎಲ್ಲಿ ಅದೀನಿ?"

ಮೌನೇಶ ಓಡಿಬಂದು ಅವರ ಕೈ ಹಿಡಿದ. "ತಿರುವಿನ್ಯಾಗ ಅದೀರಿ. ಯಾಕ್ರೀ ಅಜ್ಜಾರ?"

"ತಿರುವಿನ್ಯಾಗ ಒಂದು ತಗ್ಗಿತ್ತು. ಎಮ್ಮಿ ಕೊಂಬು ಗುದ್ದಿದ್ದು. ಅದು ಸಿಕ್ರ ಎಡಕ್ಕ ಹೊಳ್ಳತಿದ್ದೆ. ಕಚ್ಚೋ ಸೀಳು ಬಂತಂದ್ರ ಪಾಚಿಗಟ್ಟಿದ ಮೆಟ್ಲ. ಗಂಟು ಬಂತಂದ್ರ ಮುಂದ ನೀರು."

ಮೌನೇಶನ ಬಾಯಿ ಕಟ್ಟಿತು. ಮಠಕ್ಕೆ ಬಂದ ಮೇಲೆ ಅವನು ಹೆಸರಿಗೆ ತಕ್ಕವನಾದದ್ದು ಅದೇ ಮೊದಲು. ಕಣ್ಣೀರು ಅಜ್ಜನ ಅಂಗೈ ಮೇಲೆ ಬಿತ್ತು.

"ನಿಮಗ ಚುಚ್ಚಬಾರದಂತ ಮಾಡಿದ್ನಿರಿ. ನಿಮ್ಮ ದಾರೀನ ಅಳಿಸಿಬಿಟ್ಟೆ."

"ಗೊತ್ತೈತಿ. ಭಾಳ ಚಂದ ಉಜ್ಜೀದಿ."

"ಇವತ್ತ ಉಳಿ ತಗೊಂಡು ಎಲ್ಲಾ ಮತ್ತ ಕೊರಿತೀನ್ರಿ."

"ಆ ಎಮ್ಮಿ ಸತ್ತು ಭಾಳ ವರ್ಷ ಆತು. ಹೊಸಾ ತಗ್ಗಿನ ಗುರುತು ಹಿಡಿಯೋಷ್ಟು ವಯಸ್ಸು ನನಗ ಉಳದಿಲ್ಲ. ಏಳು, ಹೊತ್ತಾತು. ಜಳಕ ಮಾಡೂಣು."

ಮೌನೇಶ ಒಂದು ಮೆಟ್ಟಿಲು ಕೆಳಗಿಳಿದು, ಬೆನ್ನು ತಿರುಗಿಸಿ, ತನ್ನ ಎಡ ಹೆಗಲು ಕೊಟ್ಟ. ಅಜ್ಜನ ಕೈ ತಡವರಿಸುತ್ತ ಬಲಕ್ಕೆ ಬಂತು. ಟವೆಲ್ಲು ಜಾರಿತು.

ಮೌನೇಶ ಮುದುರಿಕೊಂಡ. "ಅದು ಸೊಟ್ಟೈತ್ರಿ ಅಜ್ಜಾರ. ಈ ಕಡಿ ಹಿಡೀರಿ."

ಅಜ್ಜ ಕೈ ತೆಗೆಯಲಿಲ್ಲ. ಮೂಳೆಯ ಆ ಗಂಟನ್ನು ಬೆರಳಿನಿಂದ ಮೆಲ್ಲಗೆ ಸವರಿದರು. ಹಳೆಯ ಕಟಾಂಜನವನ್ನು ಹಿಡಿಯುತ್ತಿದ್ದ ಹಾಗೆಯೇ ಅದನ್ನು ಹಿಡಿದುಕೊಂಡು, ತಿರುವು ದಾಟಿ, ಪಾಚಿ ದಾಟಿ, ಇಬ್ಬರೂ ಕೆಳಗಿಳಿದರು.

ನೀರು ಪಾದಕ್ಕೆ ತಾಗಿದಾಗ ಅಜ್ಜ ನಿಂತರು.

"ಇದನ್ನ ಮಾತ್ರ ಉಜ್ಜಬ್ಯಾಡ ತಮ್ಮಾ. ನಾಳೆನೂ ನಾ ಹೊಳಿಗೆ ಬರಬೇಕು."