ಕನ್ನಡಿ ಚೌಕ

ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹಿಂದೆ ಕನ್ನಡಿ ಚೌಕವಿದೆ. ಜನ ಬರುವುದು ಅಲ್ಲಿನ ಗೋಡೆ ನೋಡಲು. ಹಳೆಯ ಹತ್ತಿ ಗೋದಾಮಿನ ಗೋಡೆ, ನಾಲ್ಕು ಮಾಳಿಗೆ ಎತ್ತರ. ಅದರ ತುಂಬ ಗಿಟಾರ್ ಹಿಡಿದ ಒಬ್ಬನೇ ಮನುಷ್ಯನ ಚಿತ್ರ, ಡೆನ್ಜಿಲ್ ಮಾಸ್ತರನದು. ಹಗಲು ಎಂಜಿನ್ ಫಿಟ್ಟರ್. ಸಂಜೆಯಾದರೆ ಬ್ಲೂಸ್ ಹಾಡುತ್ತಿದ್ದ. ಅಮೆರಿಕದ ಕಪ್ಪು ಜನ ತಮ್ಮ ಸಂಕಟಕ್ಕೆ ಕಟ್ಟಿಕೊಂಡ ಹಾಡು ಅದು. ಇಲ್ಲಿನ ಕೂಲಿಗಳಿಗೂ ಹಿಡಿಸಿತ್ತು. ಚೌಕಕ್ಕೆ ಹೆಸರು ಬಂದದ್ದು ಮಾತ್ರ ಅವನಿಂದಲ್ಲ, ಎದುರಿನ ಕನ್ನಡಿಯಿಂದ.

ಹಿಂದೆ ಒಮ್ಮೆ, ಊರಲ್ಲಿ ಟಾಂಗಾ ಓಡುತ್ತಿದ್ದ ಕಾಲದಲ್ಲಿ, ಮಾಸ್ತರ ತೀರಿಕೊಂಡ ವರ್ಷ, ಕಾರ್ಮಿಕರು ಈ ಚಿತ್ರ ಬರೆಸಿದರು. ಬರೆದವನು ಮೌನೇಶ ಪತ್ತಾರ. ಗುಡಿಯ ದೇವಿಯರಿಗೆ ಬಣ್ಣ ಹಾಕುವ ಮನೆತನ. ಅವರಲ್ಲಿ ಕಣ್ಣು ಕೊನೆಗೆ. ಕಣ್ಣು ಬರೆಯುವಾಗ ಎದುರಿಗೆ ಕನ್ನಡಿ ಇರಬೇಕು. ಹೊಸದಾಗಿ ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಮೌನೇಶನ ಚಿಕ್ಕಪ್ಪ ಒಮ್ಮೆ ಕನ್ನಡಿ ಮರೆತಿದ್ದ. ಎದುರಿಗಿದ್ದ ಸೋದರತ್ತೆ ಮೂರನೆಯ ದಿನಕ್ಕೆ ಇಲ್ಲವಾದಳು. ಹುಡುಗನಾಗಿದ್ದಾಗ ಕಂಡ ಆ ಹೆಣ ಮೌನೇಶನ ಕಣ್ಣಿಂದ ಹೋಗಿರಲಿಲ್ಲ. ಮನುಷ್ಯನ ಚಿತ್ರಕ್ಕೆ ಇದೆಲ್ಲ ಬೇಡವೆಂದು ಯಾರು ಹೇಳಿದರೂ ಅವನು ಕೇಳಲಿಲ್ಲ. ಇಷ್ಟು ದೊಡ್ಡ ಕಣ್ಣು ಅವನು ಎಂದೂ ಬರೆದಿರಲಿಲ್ಲ. ಎದುರಿನ ಕ್ಷೌರದಂಗಡಿಯ ಆಳೆತ್ತರದ ಕನ್ನಡಿಯನ್ನು ಹೊರಗೆ ತೂಗುಹಾಕಿಸಿ, ಬೀದಿ ಖಾಲಿ ಮಾಡಿಸಿ, ಬಿದಿರಿನ ಅಟ್ಟಣಿಗೆ ಹತ್ತಿದ.

ಆ ನೋಟ ತನ್ನ ಮೇಲೂ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕುಂಚ ಎತ್ತಿದ್ದ. ಕೆಳಗೆ ಕನ್ನಡಿಗೆ ಅಡ್ಡವಾಗಿ ಯಾರೋ ನಿಂತಿದ್ದರು. ಮಾಸ್ತರನ ಹೆಂಡತಿ ಸೆರಾಫಿನಾ.

"ಸರೀರಿ, ಅಮ್ಮಾರ! ಜೀವಕ್ಕ ಕುತ್ತು!"

"ನಲವತ್ತು ವರ್ಷ ನನ್ನ ನೋಡ್ಯಾನೋ ಹುಚ್ಚಪ್ಪ. ಸತ್ತೆನೇನು?"

"ಅದು ಬ್ಯಾರೆ, ಇದು ಬ್ಯಾರೆ..."

"ಕಡೀಕ ಎರಡು ವರ್ಷ ಅವನ ಕಣ್ಣು ಹೋಗಿದ್ದವು. ನನ್ನ ಮುಖ ಕಾಣದ ಹ್ವಾದ. ಈಗ ಕಣ್ಣು ಬಂದ್ರ ಮೊದಲ ಕನ್ನಡಿ ನೋಡಬೇಕೇನು?"

ಮೌನೇಶ ಕುಂಚ ಗೋಡೆಗೆ ತಾಗಿಸಲಿಲ್ಲ. ಅದರ ಕರಿ ಬಣ್ಣ ತೊಟ್ಟಿಕ್ಕಿತು. ಅವನ ಹೆದರಿಕೆಗೆ ಅಟ್ಟಣಿಗೆಯೇ ಅದುರುತ್ತಿತ್ತು. ಮುದುಕಿ ಅದನ್ನು ನೋಡಿದಳು. ಏನನ್ನಿಸಿತೋ, ಅರ್ಧ ಹೆಜ್ಜೆ ಸರಿದು ಗೋಡೆಗೆ ಬೆನ್ನು ಮಾಡಿ, ಕನ್ನಡಿಯ ಕಡೆ ತಿರುಗಿದಳು. "ಬರಿ. ನಾ ಇದರಾಗ ನೋಡ್ತೀನಿ."

ಅವನು ಬರೆದ. ಬಲಗಣ್ಣು, ಆಮೇಲೆ ಎಡಗಣ್ಣು. ತಿರುಗಿ ನೋಡಿದರೆ ಮುದುಕಿ ನೆಲಕ್ಕೆ ಕುಸಿದಿದ್ದಳು. ಬಿದಿರಿಗೆ ಅಂಗೈ ಸುಲಿಯುವಂತೆ ಜಾರಿ ಇಳಿದು ಓಡಿದ. ಹೆಗಲು ಮುಟ್ಟುವುದಕ್ಕೂ ಹೆದರಿಕೆ. ಅವಳು ಕನ್ನಡಿಯಿಂದ ಕಣ್ಣು ಕೀಳದೆ ಅಳುತ್ತಿದ್ದಳು.

"ಎಡಗಣ್ಣು ಸೊಟ್ಟ ಆಗೇತಿ," ಎಂದಳು. "ಇರಲಿ. ಕನ್ನಡಿ ಮಾತ್ರ ತಗೀಬ್ಯಾಡ."

ಆಮೇಲೆ ಹನ್ನೊಂದು ವರ್ಷ ಬದುಕಿದಳು. ದಿನಾ ಸಂಜೆ ಆ ಕನ್ನಡಿಯ ಮುಂದೆ ಬಂದು ತಲೆ ಬಾಚಿಕೊಳ್ಳುತ್ತಿದ್ದಳು ಎನ್ನುತ್ತಾರೆ. ಮೌನೇಶ ಮಾತ್ರ ಸಾಯುವತನಕ ಆ ಗೋಡೆಯ ಮುಂದೆ ತಲೆ ಎತ್ತಿ ನಡೆಯಲಿಲ್ಲವಂತೆ.

ಕ್ಷೌರದಂಗಡಿ ಈಗ ಇಲ್ಲ, ಮೊಬೈಲ್ ಅಂಗಡಿ ಬಂದಿದೆ. ಕನ್ನಡಿ ಅಲ್ಲೇ ಇದೆ. ಅಂಚಿನಲ್ಲಿ ಪಾದರಸದ ಲೇಪ ಉದುರಿದೆ. ಬಂದವರು ಮೊದಲು ಗೋಡೆ ನೋಡುತ್ತಾರೆ, ಸೊಟ್ಟ ಕಣ್ಣಿಗೆ ನಗುತ್ತಾರೆ. ಆಮೇಲೆ, ಯಾರೂ ಹೇಳದಿದ್ದರೂ, ಅರ್ಧ ಹೆಜ್ಜೆ ಸರಿದು ಚಿತ್ರಕ್ಕೆ ಬೆನ್ನು ಕೊಟ್ಟು ಕನ್ನಡಿಗೆ ಮುಖ ಮಾಡಿ ನಿಲ್ಲುತ್ತಾರೆ.